ಕಿಟಕಿಗಾಗಿ ಹಿಂದೆ ಸರಿದ ಗೋಡೆ

ನನ್ನ ಪ್ರೀತಿಯ ಅಕ್ಕಾ,

ಭಾವ ಮೊನ್ನೆ ಹೊಸ ಮನೆಗೆ ಬಂದರು. ನೀನಿಲ್ಲದೆ ಬಂದರು. ಇದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಅಪ್ಪ ಕೊಟ್ಟ ನಿವೇಶನವನ್ನು ಹಂಚಿಕೊಂಡಾಗ ಮೊದಲು ಮನೆ ಕಟ್ಟಿಕೊಂಡವಳು ನಾನು. ನಿನ್ನ ಸರದಿ ಬರುವ ಹೊತ್ತಿಗೆ ನನ್ನವರು ತೀರಿಕೊಂಡಿದ್ದರು. ನಾನು ಒಲೆ ಹಚ್ಚುವುದನ್ನೇ ಮರೆತಿದ್ದೆ. ಆಗಲೇ ನೀನು ಹಟ ಹಿಡಿದೆ, ನಿನ್ನ ಮನೆಯ ಮುಂಬಾಗಿಲು ನನ್ನ ಮನೆಯ ಕಡೆಗೇ ಇರಬೇಕೆಂದು.

ನಕ್ಷೆ ಮಂಜೂರು ಮಾಡುವ ಕಚೇರಿಗೆ ನನ್ನನ್ನೂ ಎಳೆದುಕೊಂಡು ಹೋದೆ. ಅಧಿಕಾರಿ ಒಳ್ಳೆಯವರೇ. ಈ ಬಡಾವಣೆಯಲ್ಲಿ ಮುಂಬಾಗಿಲು ರಸ್ತೆಗೇ ಮುಖ ಮಾಡಬೇಕು, ನನ್ನ ಮನೆಯ ಕಡೆ ಗಡಿಗೆ ಅಂಟಿದ ಗೋಡೆಯಲ್ಲಿ ಕಿಟಕಿಯೂ ಇಡುವಂತಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. ಕಿಟಕಿಯಾದರೂ ಬೇಕೆಂದು ನೀನು ಪಟ್ಟು ಹಿಡಿದೆ. ಹಾಗಾದರೆ ಗೋಡೆ ಹಿಂದೆ ಸರಿಯಬೇಕು, ಒಂದು ಕೋಣೆ ಹೋಗುತ್ತದೆ ಎಂದರು. ಹೋಗುವುದು ನಿನ್ನ ಹೊಲಿಗೆ ಕೋಣೆ. ಮದುವೆಯಾದಾಗಿನಿಂದ ನೀನು ಕನಸು ಕಂಡ ಕೋಣೆ. ನೀನು ಯೋಚಿಸಲೂ ಇಲ್ಲ.

"ಹೋಗ್ಲಿ ಬಿಡಿ ಸರ್. ಮೆಷಿನ್ನು ಹಜಾರದ ಮೂಲೇಲಿ ಕೂತ್ಕೊಳ್ಳುತ್ತೆ. ಇವಳು ಎರಡು ತುತ್ತು ತಿಂದ್ಲೋ ಇಲ್ವೋ ಅನ್ನೋದು ನಂಗೆ ಕಾಣ್ಬೇಕು."

ಅಧಿಕಾರಿ ತಲೆ ತಗ್ಗಿಸಿ, ಪೆನ್ಸಿಲಿನಿಂದ ಗೋಡೆಯನ್ನು ಹಿಂದಕ್ಕೆ ಸರಿಸಿದರು. ಅಲ್ಲಿಯ ತನಕ ಬಾರದಿದ್ದ ಅಳು ನನಗೆ ಆ ಕುರ್ಚಿಯ ಮೇಲೆ ಬಂತು.

ಗೋಡೆಗಳು ಸೊಂಟದೆತ್ತರಕ್ಕೆ ಏರುವಷ್ಟರಲ್ಲಿ ನಿನ್ನ ಮೆದುಳಿನ ರಕ್ತನಾಳ ಒಡೆಯಿತು. ಆಸ್ಪತ್ರೆಯಲ್ಲಿ ಎಷ್ಟು ಕರೆದರೂ ನೀನು ಕಣ್ಣು ತೆರೆಯಲಿಲ್ಲ.

ಕೆಲಸ ನಿಂತುಹೋಯಿತು. ಬಹಳ ದಿನಗಳ ಮೇಲೆ ಮೇಸ್ತ್ರಿ ಬಂದು, ಆ ಕಿಟಕಿ ಬೇಡವೆಂದರೆ ನಕ್ಷೆ ಬದಲಿಸಿ ಗೋಡೆ ಮುಂದಕ್ಕೆ ತರಬಹುದು, ಕೋಣೆ ಮತ್ತೆ ಸಿಗುತ್ತದೆ ಎಂದ. ಭಾವ ನನ್ನ ಮುಖ ನೋಡಿದರು. ನಿಮ್ಮ ಮನೆ, ನಾನೇನು ಹೇಳಲಿ ಎಂದೆ.

"ಅವಳು ಹೇಳಿದ ಹಾಗೇ ಇರ್ಲಿ," ಎಂದಷ್ಟೇ ಹೇಳಿ ಅವರು ಮರಳಿನ ರಾಶಿಯ ಮೇಲೆ ಕುಸಿದು ಕೂತರು.

ಮೊನ್ನೆ ಸಂಜೆ ಆ ಕಿಟಕಿಯಲ್ಲಿ ಭಾವ ಕಂಡರು. ದೀಪ ಹಾಕಿರಲಿಲ್ಲ. ಕಟ್ಟು ಬಿಚ್ಚದ ಸಾಮಾನುಗಳ ನಡುವೆ ಗೋಡೆಗೊರಗಿದ್ದರು. ಅಡುಗೆ ಮಾಡಿ, ಇಬ್ಬರಿಗೂ ಬಡಿಸಿಕೊಂಡು ಹೋದೆ. ನಿನ್ನ ಮಾತು ತೆಗೆಯದೆ ಉಂಡೆವು. ತಟ್ಟೆ ತೊಳೆದು ಕೊಡುತ್ತಾ, "ನಾಳೆ ಅಡುಗೆ ನಂದು. ಉಪ್ಪು ಜಾಸ್ತಿ ಆದ್ರೆ ಬೈಬೇಡ," ಎಂದರು. ನಗಬೇಕಿತ್ತು, ಇಬ್ಬರಿಂದಲೂ ಆಗಲಿಲ್ಲ.

ನಮ್ಮ ಚಿಂತೆಯನ್ನು ಇನ್ನು ನಮಗೇ ಬಿಡು ಅಕ್ಕಾ. ನೀನು ತಣ್ಣಗೆ ಮಲಗು.

ಇಂತು ನಿನ್ನ,
ತಂಗಿ