ಉಲ್ಟಾ ಸೆರಗು, ಸರಿಯಾದ ಹಳಿ

12 ನವೆಂಬರ್ 2024, ಮಂಗಳವಾರ

ಗೂಡ್ಸ್ ಹಳಿಯ ತಂಟೆ ಇವತ್ತು ಮುಗಿಯಿತು. ಮೀಟರ್ ಗೇಜ್ ಕಾಲದ ಬಾಗೇವಾಡಿ ರೋಡ್ ಸ್ಟೇಷನ್ನಿನದೊಂದು ಪುಟ್ಟ ಮಾದರಿ ಮಾಡುತ್ತಿದ್ದೇನೆ. ಅದಕ್ಕೆ ನನಗಿದ್ದ ಆಧಾರ ಒಂದೇ: ಅವ್ವ ಮದುವೆಯಾಗಿ ಇಂಡಿಯಿಂದ ಬಂದಿಳಿದಾಗ ತೆಗೆದ ಫೋಟೊ. ಅದರಲ್ಲಿ ಗೂಡ್ಸ್ ಹಳಿ ಇಂಡಿಗೆ ಎದುರು ದಿಕ್ಕಿನ ಆಲಮಟ್ಟಿ ಕಡೆ ಕವಲೊಡೆದಿದೆ. ಹಾಗೆಯೇ ಅಂಟಿಸಿದ್ದೆ. ಆದರೆ ಸ್ಟೇಷನ್ನಿನಲ್ಲಿ ಇಂದಿಗೂ ಉಳಿದಿರುವ ಹಳೆಯ ಗೂಡ್ಸ್ ಶೆಡ್ಡಿನ ಪಾಯ ಇರುವುದು ಇಂಡಿ ಕಡೆ!

ಅವ್ವ ಫೋಟೊ ನೋಡಿ ನಕ್ಕಳು. "ನಾ ಯಾವಾಗರ ಎಡಗಡೆ ಸೆರಗ ಹೊತ್ತೇನೇನ? ನಮ್ಮ ಕಡೆ ಹೊರೂದು ಬಲಗಡೆ. ಫೋಟೊನ ಉಲ್ಟಾ ಐತಿ."

ಸ್ಟುಡಿಯೊದವನು ನೆಗೆಟಿವ್ ತಿರುವಿಟ್ಟು ಎಡಬಲ ಅದಲುಬದಲು ಮಾಡಿದ್ದ. ಇನ್ನು ಯಾರಾದರೂ ನನ್ನ ಹಳಿಯಲ್ಲಿ ತಪ್ಪು ಹುಡುಕಲಿ, ನೋಡೋಣ.

ಆದರೆ ಇಷ್ಟು ದಿನ ಫೋಟೊದಲ್ಲಿ ಅವ್ವ ಆಲಮಟ್ಟಿಯತ್ತ ನೋಡುತ್ತಿದ್ದಾಳೆಂದು ತಿಳಿದಿದ್ದೆ. ಅಲ್ಲ, ಅವಳು ಇಂಡಿಯತ್ತ ನೋಡುತ್ತಿದ್ದಳು.

ಅಂಟಿಸಿದ ಹಳಿ ಕಿತ್ತು ಇಂಡಿ ಕಡೆ ಹಾಕುವುದು ನಾಳೆ. ಪ್ಲಾಟ್‌ಫಾರ್ಮಿನ ಮೇಲಿಟ್ಟಿದ್ದ ಪುಟ್ಟ ಮದುಮಗಳ ಗೊಂಬೆಯನ್ನು ಮಾತ್ರ ಈಗಲೇ ತವರಿನತ್ತ ತಿರುಗಿಸಿದೆ.