ಶಶಿರೇಖಜ್ಜಿ ಹೇಳದೆ ಬಿಟ್ಟ ‘ಇಲ್ಲ’

ದಾವಣಗೆರೆ, ಇಸವಿ 2174, ಫೆಬ್ರವರಿ ಮೂವತ್ತು

ಮುತ್ತಜ್ಜಿಗೂ ಮುತ್ತಜ್ಜಿಯಾದ ಡಾಕ್ಟರ್ ಶಶಿರೇಖಾ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವರು ನೀವು.

ನಾನು ನೀಲಾಂಬಿಕೆ. ನಿಮ್ಮಂತೆಯೇ ಮುಖ ತಿದ್ದುವ ಡಾಕ್ಟರು. ನೀವು ರೋಗಿಗಳ ಬಗ್ಗೆ ಬರೆದಿಟ್ಟ ದಿನಚರಿ ನನ್ನ ಬಳಿಯಿದೆ. ಮೊದಲ ಪುಟದಲ್ಲೇ ಸರ್ವಮಂಗಳಮ್ಮ ಮದುವೆಯ ಫೋಟೊ ಹಿಡಿದು ಬಂದಿದ್ದಾರೆ. “ಮುಖ ಮತ್ತೆ ಹಿಂಗಾದ್ರೆ ನಮ್ಮೆಜಮಾನ್ರು ಮನೆಗೆ ವಾಪಸ್ ಬರ್ತಾರಾ ಡಾಕ್ಟ್ರೇ?” ಎಂದು ಕೇಳಿದ್ದಾರೆ. ನೀವು ಹೇಳಿದ್ದು, “ನೋಡೋಣಮ್ಮ.”

ಏನನ್ನು ನೋಡುವುದಿತ್ತು ಅಜ್ಜಿ? ಸುಕ್ಕು ಹೋಗುತ್ತದೆ, ಹೋದ ಗಂಡ ಬರುವುದಿಲ್ಲ ಎಂಬುದು ನಿಮಗೆ ಗೊತ್ತಿರಲಿಲ್ಲವೇ? ಆಕೆ ಹನ್ನೊಂದು ಸಲ ಬಂದರು. ಹನ್ನೆರಡನೆಯ ಸಲ, ನೀವು ಕ್ಲಿನಿಕ್ಕಿನ ಗೋಡೆಗೆ ಹಾಕಿದ್ದ ನಿಮ್ಮ ಮಗಳ ಫೋಟೊ ತೋರಿಸಿ, ಅಂಥ ಮುಖವೇ ಬೇಕೆಂದರು. ಅದಕ್ಕೂ ನೀವು ‘ನೋಡೋಣ’ ಎಂದಿರಿ. ಮಾಡಿಯೂ ಕೊಟ್ಟಿರಿ.

ಆಕೆಯನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಕೇಳುತ್ತಾ ಹೋಗಿ, ಆ ಮುಖಕ್ಕೆ ಈಗ ಊರುಮುಖ ಎಂದು ಹೆಸರು. ಹದಿನೆಂಟು ತುಂಬಿದ ಹುಡುಗಿಯರಿಗೆಲ್ಲ ಅದೇ ಬೇಕು. ಶಾಲೆಯಲ್ಲಿ ಟೀಚರು ಮಣಿಕಟ್ಟಿನ ಬಣ್ಣದ ದಾರ ನೋಡಿ ಹೆಸರು ಕರೆಯುತ್ತಾರೆ. ಹಾಲಿನವನು ದನಿ ಕೇಳಿಸಿಕೊಂಡೇ ಹಾಲು ಹಾಕುತ್ತಾನೆ. ಹೋದ ವರ್ಷ ಒಂದು ತಿಥಿಯಲ್ಲಿ ಸತ್ತ ಅಕ್ಕನದೆಂದು ಬದುಕಿದ್ದ ತಂಗಿಯ ಫೋಟೊಗೆ ಹಾರ ಹಾಕಿಬಿಟ್ಟರು, ಊಟದ ಪಂಕ್ತಿಯಲ್ಲಿ ಕೂತಿದ್ದ ಅವಳೇ ಕೂಗಿಕೊಳ್ಳಬೇಕಾಯಿತು. ನಮ್ಮ ಡಾಕ್ಟರುಗಳಿಗೆ ‘ಆಗದಪಟ್ಟಿ’ ಎಂಬ ಕಾನೂನಿದೆ. ಸೂಜಿ ಹಿಡಿಯುವ ಮೊದಲು, ಇದರಿಂದ ಏನೇನು ಆಗುವುದಿಲ್ಲ ಎಂದು ಓದಿ ಹೇಳಬೇಕು. ನಾವೋ, ಅವಸರದ ಪುರೋಹಿತರ ಹಾಗೆ ಗೊಣಗೊಣ ಎಂದು ಓದಿ ಮುಗಿಸುತ್ತೇವೆ. ನಾಚಿಕೆಗೇಡು!

ನನ್ನ ಅವ್ವ ಊರುಮುಖ ಮಾಡಿಸಿಕೊಳ್ಳಲಿಲ್ಲ. ಅವಳದು ಅಗಲ ಮೂಗು. ನಾವು ಮೂವರು ಹೆಣ್ಣುಮಕ್ಕಳೂ ಮಾಡಿಸಿಕೊಂಡೆವು. ಕೊನೆಗಾಲದಲ್ಲಿ ಅವಳಿಗೆ ಕಣ್ಣು ಮಂಜಾಯಿತು, ಕಿವಿಯೂ ಹೋಯಿತು. ನಮ್ಮ ಮುಖಗಳನ್ನು ಒಂದೊಂದಾಗಿ ತಡವಿ ನೋಡಿ, “ನೀಲಾ ಎಲ್ಲಿ? ನೀಲಾನ್ನ ಕರೀರೇ” ಎಂದಳು. ಅವಳ ಕೈ ನನ್ನ ಕೆನ್ನೆಯ ಮೇಲೇ ಇತ್ತು. ಕೇಳುತ್ತಲೇ ಹೋದಳು.

ಅವ್ವನ ಮೂಗು ಈಗ ಉಳಿದಿರುವುದು ನನ್ನ ಮಗಳು ಕಸ್ತೂರಿಯ ಮುಖದಲ್ಲಿ ಮಾತ್ರ. ನಿನ್ನೆ ಅವಳಿಗೆ ಹದಿನೆಂಟು ತುಂಬಿತು. ನೇರವಾಗಿ ಬಂದು ನನ್ನ ರೋಗಿಗಳ ಕುರ್ಚಿಯಲ್ಲಿ ಕೂತಳು. “ಅವ್ವಾ, ನನ್ನೊಬ್ಬಳನ್ನೇ ಎಲ್ರೂ ದೂರದಿಂದ್ಲೇ ಗುರುತು ಹಿಡೀತಾರೆ. ಸಾಕಾಗಿದೆ. ಊರುಮುಖ ಮಾಡಿದ್ರೆ ನಾನೂ ಎಲ್ಲರ ಥರ ಆರಾಮಾಗಿರ್ತೀನಿ ಅಲ್ವಾ?” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮನೆ ಹಾಳಾದದ್ದು ಆಡದ ಮಾತಿನಿಂದ. ಈ ಕಾಗದ ಹೇಗಾದರೂ ನಿಮ್ಮ ಕಾಲಕ್ಕೆ ತಲುಪಿದರೆ, ಸರ್ವಮಂಗಳಮ್ಮ ನಿಮ್ಮ ಬಾಗಿಲಿಗೆ ಬಂದಾಗ, ನಿಮ್ಮ ದಮ್ಮಯ್ಯ, ಆಕೆಯನ್ನು ಕೂರಿಸಿ, ನೀರು ಕೊಟ್ಟು, “ಇಲ್ಲಮ್ಮ, ಇದರಿಂದ ಅದು ಆಗೋದಿಲ್ಲ” ಎಂದುಬಿಡಿ. ಆಕೆ ಅತ್ತರೆ ಅಳಲಿ. ನಮ್ಮ ಮನೆತನದಲ್ಲಿ ಒಬ್ಬರಾದರೂ ಆ ಮಾತು ಆಡಿರಲಿ.

ಕಸ್ತೂರಿ ನಾಳೆ ಬೆಳಿಗ್ಗೆ ಮತ್ತೆ ಬರುತ್ತಾಳೆ. ಯಾಕೆಂದರೆ ನಿನ್ನೆ ನಾನು ಅವಳಿಗೆ ಹೇಳಿದ್ದು, “ನೋಡೋಣ.”

ನಿಮ್ಮ ಕುಡಿ,
ನೀಲಾಂಬಿಕೆ