ದೋಣಿಯ ಅಂಚಿನ ಹಲ್ಲಿನ ಗುರುತು

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ನೀನು ಎದ್ದವನೇ ಮರಳು ಕಾಗದ ಹಿಡ್ಕೊಂಡು ದೋಣಿ ಉಜ್ಜೋಕೆ ಕೂರಬೇಡ.

ಗುಜರಿಯಿಂದ ಯಾರದೋ ಹಳೇ ದೋಣಿ ತಂದಿದ್ದೀಯ ಅಂತ ಇಷ್ಟು ದಿನ ಬೈದೆನಲ್ಲ, ಸೋತೆ ಕಣೋ. ಅದು ನೀನು ಹೇಳಿದ ಹಾಗೆ ಅಪ್ಪನದೇ. ಬೆಳಿಗ್ಗೆ ಮುಂದಿನ ಅಂಚಿನ ಹಸಿರು ಬಣ್ಣ ಕೆರೆದರೆ ಕೆಳಗೆ ಹಲ್ಲಿನ ಗುರುತು! ಅಪ್ಪ ಹುಟ್ಟು ಹಾಕುವಾಗ ದೋಣಿ ಸ್ವಲ್ಪ ಅಲ್ಲಾಡಿದರೂ ಸಾಕು, ನನ್ನ ತೊಡೆ ಮೇಲೆ ಕೂತು ನೀನು ಹೆದರಿ ಕಚ್ಚಿಕೊಳ್ತಿದ್ದ ಜಾಗ ಅದೇ. ನಿನ್ನೆಯೇ ನೀನು ಅಲ್ಲಿ ಉಜ್ಜಿಬಿಟ್ಟಿದ್ದರೆ? ಅಬ್ಬಾ, ನೋಡಿ ಹೋದ ಜೀವ ಬಂದ ಹಾಗಾಯಿತು.

ಬಿರುಕಿಗೆಲ್ಲ ಪುಟ್ಟಿ ಮೆತ್ತು, ಒಣಗಿದ ಮೇಲೆ ಎಣ್ಣೆ ಹಚ್ಚು. ಆ ಗುರುತು ಮಾತ್ರ ಮುಟ್ಟಿದರೆ ಕೈ ಮುರೀತೀನಿ.

ನಿನ್ನ ಮಕ್ಕಳು ಕೇಳಿದರೆ ಇಲಿ ಕಡಿದದ್ದು ಅನ್ನು. ನಾನು ಬಾಯಿ ಬಿಡಲ್ಲ.

ಅಕ್ಕ